ಇಲಿಗೂ ಡಾಕ್ಟರಾ ಅಂತ ಕೇಳಿದವರಿಗೆಲ್ಲ

ಭಾನುವಾರ ಬೆಳಿಗ್ಗೆ ಫ್ರಿಜ್ ಬಾಗಿಲು ತೆಗೆದೆ. ಕೊತ್ತಂಬರಿ ಸೊಪ್ಪಿನ ಕವರ್ ಸರಸರ ಅಂದಿತು. ಎಲ್ಲರೂ ಇಲಿ ಅನ್ನುವ ನಮ್ಮ ಗಿನಿ ಪಿಗ್ ಬೋಂಡ ಕೂಗಲಿಲ್ಲ.

ಗಿನಿ ಪಿಗ್ ಸಾಕಿದವರಿಗೆ ಇಷ್ಟು ಹೇಳಿದರೆ ಸಾಕು, ಎದೆ ಧಸಕ್ ಅನ್ನುತ್ತದೆ. ಕವರ್ ಸದ್ದಾದರೆ ಮನೆಯೆಲ್ಲ ಹಾರಿಹೋಗುವ ಹಾಗೆ ‘ವೀಕ್ ವೀಕ್’ ಅಂತ ಕಿರುಚುವ ಪ್ರಾಣಿ ಅದು. ಅವತ್ತು ಮೂಲೆಯಲ್ಲಿ ರೋಮ ಉಬ್ಬಿಸಿಕೊಂಡು, ಬೆನ್ನು ಗೂನು ಮಾಡಿಕೊಂಡು ಕೂತಿತ್ತು. ಸೊಪ್ಪು ಹಿಡಿದೆ, ಬಂತು. ಬಾಯಿಗೂ ತಗೊಂಡಿತು. ಎರಡು ಸಲ ಅಗಿದು ಕೆಳಗೆ ಬಿಟ್ಟಿತು. ಮತ್ತೆ ತಗೊಂಡಿತು, ಮತ್ತೆ ಬಿಟ್ಟಿತು. ಗದ್ದ ಮುಟ್ಟಿ ನೋಡಿದರೆ ಒದ್ದೆ. ಜೊಲ್ಲು.

‘ಚಳಿ ಕಣೇ, ಅದಕ್ಕೇ ಹಂಗೆ ಮುದುಡ್ಕೊಂಡಿದೆ’ ಅಂದರು ಅತ್ತೆ.

ಚಳಿಯಲ್ಲ ಅತ್ತೆ. ಈ ಪ್ರಾಣಿಗಳು ಕಾಯಿಲೆಯನ್ನು ಬಚ್ಚಿಡುತ್ತವೆ. ಕಾಡಲ್ಲಿ ಸುಸ್ತಾಗಿರುವುದು ಗೊತ್ತಾದರೆ ಮೊದಲು ತಿನ್ನುವುದು ಅದನ್ನೇ ಅಲ್ವಾ? ನಮ್ಮ ಕಣ್ಣಿಗೆ ಬೀಳುವಷ್ಟು ಸೋತಿದೆ ಅಂದರೆ ಒಳಗೆ ಕಾಯಿಲೆ ಎಷ್ಟೋ ದಿನದಿಂದ ಇದೆ ಅಂತ ಅರ್ಥ.

ಅಡುಗೆಮನೆ ತಕ್ಕಡಿ ಮೇಲೆ ಸ್ಟೀಲ್ ಡಬರಿ ಇಟ್ಟು ಕೂರಿಸಿದೆ. 810 ಗ್ರಾಂ. ಕೊನೇ ಸಲ ಬರೆದಿಟ್ಟಿದ್ದು 940. ಎಪ್ಪತ್ತು ಕೆಜಿ ಮನುಷ್ಯ ಹತ್ತು ಕೆಜಿ ಇಳಿದ ಲೆಕ್ಕ! ಇಲ್ಲಿ ನನ್ನ ಮೇಲೂ ನನಗೆ ಸಿಟ್ಟಿದೆ. ವಾರಕ್ಕೊಮ್ಮೆ ತೂಕ ನೋಡಬೇಕು ಅಂತ ಗೊತ್ತಿತ್ತು. ನಾದಿನಿ ಮದುವೆ ಗಲಾಟೆಯಲ್ಲಿ ಮೂರು ವಾರ ಬಿಟ್ಟುಬಿಟ್ಟೆ. ಹಿಕ್ಕೆ ಸಣ್ಣಗಾಗುತ್ತಿದ್ದದ್ದನ್ನೂ ದಿನಾ ಗುಡಿಸುತ್ತಲೇ ನೋಡಿದ್ದೆ. ದಪ್ಪ ಮಾತ್ರೆಯ ಹಾಗೆ ಇರಬೇಕಾದದ್ದು ಒಣಗಿ ಜೀರಿಗೆಯಷ್ಟಾಗಿತ್ತು. ಏನೋ ಇರಬೇಕು ಅಂದುಕೊಂಡು ಮೊರಕ್ಕೆ ಎತ್ತಿ ಬಿಸಾಕಿದ್ದೆ.

ಮೊದಲು ಫೋನ್ ಮಾಡಿದ್ದು ಕೊಟ್ಟ ಅಂಗಡಿಗೆ. ‘ಬ್ರೆಡ್ಡು ಹಾಲಲ್ಲಿ ಅದ್ದಿ ಕೊಡಿ ಮೇಡಂ, ಸರಿ ಹೋಗುತ್ತೆ.’ ಇದೇ ಮನುಷ್ಯ ಮಾರುವಾಗ ಒಂದು ಪ್ಯಾಕೆಟ್ ಬಣ್ಣಬಣ್ಣದ ಕಾಳು ಕೈಗಿಟ್ಟು ‘ಇದು ಬಿಟ್ಟರೆ ಏನೂ ಬೇಡ’ ಅಂದಿದ್ದ. ಒಣಹುಲ್ಲಿನ ಸುದ್ದಿಯೇ ಎತ್ತಿರಲಿಲ್ಲ. ಅದರ ಹಲ್ಲು ಸಾಯೋವರೆಗೂ ಬೆಳೆಯುತ್ತಲೇ ಇರುತ್ತದೆ, ದಿನವಿಡೀ ಹುಲ್ಲು ಅಗಿದರೆ ಮಾತ್ರ ಸವೆಯುತ್ತದೆ. ನಮ್ಮ ಹಾಗೆ ಅದಕ್ಕೂ ವಿಟಮಿನ್ ಸಿ ಮೈಯಲ್ಲಿ ತಯಾರಾಗುವುದಿಲ್ಲ, ತಿಂದೇ ಪಡೆಯಬೇಕು. 1907ರಲ್ಲೇ ನಾರ್ವೆಯ ಇಬ್ಬರು ವಿಜ್ಞಾನಿಗಳು ಬರೀ ಕಾಳು, ಬ್ರೆಡ್ಡು ತಿನ್ನಿಸಿದ ಗಿನಿ ಪಿಗ್‌ಗಳಿಗೆ ಸ್ಕರ್ವಿ, ಅಂದರೆ ವಿಟಮಿನ್ ಸಿ ಕೊರತೆಯ ಕಾಯಿಲೆ, ಬರುತ್ತದೆ ಅಂತ ತೋರಿಸಿದ್ದರು. ನೂರು ವರ್ಷ ದಾಟಿದರೂ ನಮ್ಮ ರಸ್ತೆ ಅಂಗಡಿಗೆ ಆ ಸುದ್ದಿ ಬಂದಿಲ್ಲ.

ಆಮೇಲೆ ಹೋದ ಕ್ಲಿನಿಕ್ಕಿನದು ಇನ್ನೊಂದು ಕಥೆ. ಒಂದೂವರೆ ಗಂಟೆ ಕಾದೆವು. ಅಕ್ಕಪಕ್ಕ ಎರಡು ಲ್ಯಾಬ್ರಡಾರ್ ಬೊಗಳುತ್ತಿದ್ದರೆ ಬೋಂಡ ಬುಟ್ಟಿಯೊಳಗೆ ಗಡಗಡ ನಡುಗುತ್ತಿತ್ತು. ಒಳಗೆ ಕರೆದವರು ತುಟಿ ಎತ್ತಿ ಮುಂದಿನ ಹಲ್ಲು ನೋಡಿ ‘ಹಲ್ಲು ಚೆನ್ನಾಗೇ ಇದೆಯಲ್ಲ’ ಅಂದರು. ಕಾಣುವುದು ಮುಂದಿನ ನಾಲ್ಕು ಹಲ್ಲು ಸ್ವಾಮಿ, ತೊಂದರೆ ಕೊಡುವುದು ಹಿಂದಿನ ದವಡೆ! ಎರಡು ನಿಮಿಷದಲ್ಲಿ ಚೀಟಿ ಬರೆದು ಕೊಟ್ಟರು. ಬಾಯಿಗೆ ಹಾಕುವ ಅಮಾಕ್ಸಿಸಿಲಿನ್ ಅನ್ನುವ ಆ್ಯಂಟಿಬಯಾಟಿಕ್ ಡ್ರಾಪ್ಸ್.

ನಾಯಿಗೆ ಸರಿ. ಗಿನಿ ಪಿಗ್‌ಗೆ ಅದು ವಿಷ ಇದ್ದ ಹಾಗೆ. ಹೊಟ್ಟೆಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಕೆಟ್ಟವು ಮೇಲೆದ್ದರೆ ಕೆಲವೇ ದಿನದಲ್ಲಿ ಪ್ರಾಣ ಹೋಗಬಹುದು. ಎಲ್ಲೋ ಓದಿದ್ದು ನೆನಪಿತ್ತು, ಹಾಗಾಗಿ ಬದುಕಿತು. ಮೆಲ್ಲಗೆ ಕೇಳಿದ್ದಕ್ಕೆ ‘ಗೂಗಲ್ ನೋಡಿ ಬಂದಿದ್ದೀರಾ?’ ಅಂದರು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂದುಬಿಡಿ, ಬೇರೆ ಕಡೆ ಹೋಗುತ್ತೇವೆ. ಅದಕ್ಕೆ ಫೀಸ್ ಬೇಕಾದರೂ ಕೊಡುತ್ತೇನೆ.

ಚೀಟಿ ಹರಿದು ಅವತ್ತೇ ಮೈಸೂರಿಂದ ಬೆಂಗಳೂರಿಗೆ ಓಡಿದೆವು. ಮೊಲ, ಗಿಳಿ ನೋಡುವವರು ಒಬ್ಬರಿದ್ದಾರೆ ಅಂತ ಗೊತ್ತಾಗಿತ್ತು. ದಾರಿಯುದ್ದಕ್ಕೂ ಮಗಳು ಬುಟ್ಟಿಯೊಳಗೆ ಕೈ ಇಟ್ಟುಕೊಂಡೇ ಕೂತಿದ್ದಳು. ಇಡೀ ದಿನ ಹೊಟ್ಟೆಗೆ ಏನೂ ಬೀಳದಿದ್ದರೆ ಇವುಗಳ ಕರುಳು ಕೆಲಸ ನಿಲ್ಲಿಸಿಬಿಡುತ್ತದೆ. ‘ನಾಳೆ ನೋಡೋಣ’ ಅನ್ನುವ ಮಾತೇ ಇಲ್ಲ. ಅಲ್ಲಿ ಬಾಯೊಳಗೆ ಲೈಟ್ ಬಿಟ್ಟು ನೋಡಿದರೆ, ಕೆಳಗಿನ ದವಡೆ ಹಲ್ಲು ಎರಡೂ ಕಡೆಯಿಂದ ಒಳಕ್ಕೆ ಬಾಗಿ ನಾಲಿಗೆಯ ಮೇಲೆ ಕಮಾನು ಕಟ್ಟಿದ್ದವು. ನಾಲಿಗೆ ಕೆಳಗೆ ಸಿಕ್ಕಿಹಾಕಿಕೊಂಡಿತ್ತು. ಹಸಿವಿತ್ತು, ಆಸೆ ಇತ್ತು, ನುಂಗಲು ಆಗುತ್ತಿರಲಿಲ್ಲ. ಅರಿವಳಿಕೆ ಕೊಟ್ಟು ಹಲ್ಲು ಕತ್ತರಿಸಿ ಸರಿ ಮಾಡಿದರು.

ಇಷ್ಟೆಲ್ಲ ಆಗಿ ಮನೆಗೆ ಬಂದರೆ ಪಕ್ಕದ ಮನೆ ಆಂಟಿ, ‘ಎಂಟುನೂರು ರೂಪಾಯಿ ಪ್ರಾಣಿಗೆ ಆರು ಸಾವಿರ ಖರ್ಚಾ? ಇನ್ನೊಂದು ತಗೊಂಡಿದ್ರೆ ಆಗ್ತಿತ್ತಪ್ಪ’ ಅಂದರು. ಮಗಳ ಎದುರಿಗೇ! ಅವರ ಮನೆ ಟೀವಿ ಕೆಟ್ಟಾಗ ನಾನು ಹಾಗಂದಿದ್ದರೆ ಒಪ್ಪಿಕೊಳ್ಳಬಹುದಿತ್ತು. ಇದು ಉಸಿರಾಡುವ ಜೀವ ಕಣ್ರೀ.

ಈಗ ಎರಡು ಮೂರು ಗಂಟೆಗೊಮ್ಮೆ ಸಿರಿಂಜಿನಲ್ಲಿ ಗಂಜಿ. ಪೆಲೆಟ್ ಅನ್ನುವ ಹುಲ್ಲಿನ ಗುಳಿಗೆ ನೆನೆಸಿ, ತಿರುವಿ, ಬಾಯಿಯ ಪಕ್ಕದಿಂದ ಸ್ವಲ್ಪಸ್ವಲ್ಪವೇ. ಜೋರಾಗಿ ಒತ್ತಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ರಾತ್ರಿ ಅಲಾರಂ ಇಟ್ಟುಕೊಂಡು ಏಳುತ್ತೇನೆ. ನನ್ನ ನೈಟಿ ತುಂಬ ಹಸಿರು ಕಲೆ. ಇವತ್ತು ಬೆಳಿಗ್ಗೆ 835 ಗ್ರಾಂ. ದಪ್ಪ ಮೆಣಸಿನಕಾಯಿ ತುಂಡೊಂದನ್ನು ತಾನೇ ಕಚ್ಚಿತು. ಪೂರ್ತಿ ತಿನ್ನಲಿಲ್ಲ, ಆದರೆ ಕಚ್ಚಿತು.

ಸಂಜೆ ತರಕಾರಿಗೆ ಹೋದಾಗ ಆ ಅಂಗಡಿ ಮುಂದೆ ನಿಂತೆ. ಹೊಸದಾಗಿ ಆರು ಮರಿ ಬಂದಿವೆ, ಒಂದೇ ಪಂಜರದಲ್ಲಿ. ತಟ್ಟೆ ತುಂಬ ಅದೇ ಬಣ್ಣದ ಕಾಳು. ಹುಲ್ಲು ಒಂದು ಎಳೆಯೂ ಇಲ್ಲ. ಮೂಲೆಯಲ್ಲಿ ಕೂತ ಒಂದು ಮರಿಯ ಕಣ್ಣಿಗೆ ಪಿಸುರು ಕಟ್ಟಿತ್ತು. ಪಂಜರದ ಮೇಲೆ ದೊಡ್ಡದಾಗಿ ಬರೆದಿತ್ತು: ‘ಮಕ್ಕಳಿಗೆ ಬೆಸ್ಟ್, ಮೇಂಟೆನೆನ್ಸ್ ಇಲ್ಲ.’