ಬಾಕಿ ಇದ್ದವರೂ ನಮ್ಮವರೇ
ನಮ್ಮ ಕಾರ್ಮಿಕ ಸಂಘದ ಸಮ್ಮೇಳನದ ಪ್ರತಿನಿಧಿಯಾಗಲು ಸ್ಪರ್ಧಿಸುವವರಿಗೆ ವರ್ಷದಲ್ಲಿ ಒಮ್ಮೆಯೂ ಸದಸ್ಯತ್ವದ ಚಂದಾ ಬಾಕಿ ಇರಬಾರದು ಎಂಬ ನಿಯಮವನ್ನು ಲೇಖನವೊಂದರಲ್ಲಿ ಅದರ ಲೇಖಕರು ಸಮರ್ಥಿಸಿದ್ದಾರೆ. ಮಂಗಳೂರಿನಲ್ಲಿ ಬೀಡಿ ಕಟ್ಟುವ ನನಗೆ ಇದು ಒಪ್ಪಿಗೆಯಿಲ್ಲ. ಎಲೆ, ತಂಬಾಕು ಸಿಗದ ವಾರ ನಮಗೆ ಮಜೂರಿಯೇ ಇಲ್ಲ. ಚಂದಾ ಎಲ್ಲಿಂದ ಕಟ್ಟುವುದು? ಕಾರ್ಮಿಕ ಸಂಘಗಳ 1926ರ ಕಾಯ್ದೆಯೇ ಅಸಂಘಟಿತ ವಲಯದ ಸಂಘಗಳಲ್ಲಿ ಕನಿಷ್ಠ ಅರ್ಧದಷ್ಟು ಪದಾಧಿಕಾರಿಗಳು ಅದೇ ಉದ್ಯಮದಲ್ಲಿ ಕೆಲಸ ಮಾಡುವವರಾಗಿರಬೇಕು ಎಂದಿತ್ತು. ಪ್ರತಿನಿಧಿಯ ಅರ್ಹತೆಯಾದರೋ ಸಂಘದ ಬೈಲಾಕ್ಕೆ, ಎಂದರೆ ಸಂಘ ತಾನೇ ಮಾಡಿಕೊಂಡ ನಿಯಮಾವಳಿಗೆ, ಬಿಟ್ಟ ವಿಷಯ, ಅಂದರೆ ತಿದ್ದುವುದು ನಮ್ಮ ಕೈಯಲ್ಲೇ ಇದೆ. ನಾಮಪತ್ರದ ದಿನದವರೆಗೆ ಬಾಕಿ ತೀರಿಸಲು ಅವಕಾಶ ಕೊಡಿ. ಕೆಲಸವಿಲ್ಲದ ತಿಂಗಳುಗಳನ್ನು ಲೆಕ್ಕದಿಂದ ಬಿಡಿ. ಇಲ್ಲವಾದರೆ ತಿಂಗಳ ಸಂಬಳದವರು ಮಾತ್ರ ಸಮ್ಮೇಳನಕ್ಕೆ ಹೋಗುತ್ತಾರೆ. ನಮ್ಮ ಮಜೂರಿಯ ಮಾತನ್ನು ಅಲ್ಲಿ ಎತ್ತುವವರು ಯಾರು?