ಇಂದೋರಿನಲ್ಲೊಂದು ಒಳ್ಳೆಮೆಣಸು

ನಮ್ಮ ಮನೆಯಲ್ಲಿ ಗ್ಯಾಲಕ್ಸಿ ಹುಟ್ಟಿದ್ದು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಕರೆಂಟು ಹೋದ ಹೊತ್ತಿನಲ್ಲಿ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ, ಗುಡ್ಡದ ಬುಡದಲ್ಲಿರುವ ನಮ್ಮಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಹಟ್ಟಿಯ ಹಿಂದಿನ ಹಲಸಿನ ಮರದಡಿಯಲ್ಲಿ ಮಾತ್ರ. ಆ ಮರದಲ್ಲಿ ಕೆಂಜಿಗದ ಗೂಡಿದೆ. ಹಾಗಾಗಿ ಮಂಗಳೂರಿನಿಂದ ರಜೆಗೆ ಬಂದಿದ್ದ ಅಕ್ಕನ ಮಗ, ಎಂಟನೆಯ ತರಗತಿ ಮುಗಿಸಿದ ನನ್ನ ಮಗಳು, ಅವಳದೇ ಶಾಲೆಯ ಮಲಯಾಳ ಮಾಧ್ಯಮದಲ್ಲಿ ಓದುವ ಪಕ್ಕದ ಮನೆಯ ಹುಡುಗ, ಮೂವರೂ ಬೇರೆ ದಾರಿ ಕಾಣದೆ ಬ್ರಹ್ಮಾಂಡ ಸೃಷ್ಟಿಗೆ ಇಳಿದರು. ಸಹಕಾರಿ ಸಂಘದಲ್ಲಿ ಗುಮಾಸ್ತನಾದ ನನ್ನನ್ನು ಲೆಕ್ಕ ಬರೆಯಲು ಸೇರಿಸಿಕೊಂಡರು. ಯಮನಿಗೆ ಚಿತ್ರಗುಪ್ತನಿದ್ದಾನೆ, ಬ್ರಹ್ಮನಿಗೆ ಗುಮಾಸ್ತನಿದ್ದ ಸುದ್ದಿ ನಾನು ಕೇಳಿರಲಿಲ್ಲ. ಹುದ್ದೆ ಖಾಲಿಯಿತ್ತು, ಒಪ್ಪಿಕೊಂಡೆ.

ಸಾಮಗ್ರಿಗೆ ಕೊರತೆಯಿರಲಿಲ್ಲ. ಅಂಗಳದ ತುಂಬ ಅಡಿಕೆ ಒಣಗುತ್ತಿತ್ತು. ನಡುವಿನ ತುಳಸಿಕಟ್ಟೆಯನ್ನು ಕೇಂದ್ರವಾಗಿಟ್ಟುಕೊಂಡು ಮಕ್ಕಳು ಅಡಿಕೆಯನ್ನು ಸುರುಳಿ ಸುರುಳಿಯಾಗಿ ಎಳೆದರು. ಅರ್ಧ ಗಂಟೆಯಲ್ಲಿ ನಾಲ್ಕು ತೋಳುಗಳ ಗ್ಯಾಲಕ್ಸಿ ಸಿದ್ಧ. ತಲೆಗೊಂದು ತೋಳು, ನಾಲ್ಕನೆಯದು ಮಂಗಳೂರಿನಲ್ಲಿರುವ ಭಾವನಿಗೆ, ಅಂದರೆ ಹುಡುಗನ ಅಪ್ಪನಿಗೆ. ತೋಳುಗಳ ನಡುವಿನ ಖಾಲಿ ಜಾಗಕ್ಕೆ ಕೇರಳ-ಕರ್ನಾಟಕ ಗಡಿಯಲ್ಲಿರುವ ತಲಪಾಡಿಯ ಹೆಸರಾಯಿತು. ಅದನ್ನು ದಾಟುವಾಗ ನಿಂತು, ಯಾಕೆ, ಎಲ್ಲಿಗೆ ಎಂದು ಹೇಳಬೇಕು.

ಮೊದಲ ಆಕ್ಷೇಪ ಅಮ್ಮನದು. ನಮ್ಮ ಕ್ಷೀರಪಥದ ನಡುವೆ ನಲವತ್ತು ಲಕ್ಷ ಸೂರ್ಯರಷ್ಟು ತೂಕದ ಕಪ್ಪುಕುಳಿ ಇದೆ, ನಮ್ಮದರಲ್ಲೂ ಇರಬೇಕು ಎಂದು ಮಗಳು ಕೆಟ್ಟು ಕಪ್ಪಾದ ಹಳೆಯ ಅಡಿಕೆ, ಅಂದರೆ ಕರಿಗೋಟು ಒಂದನ್ನು ತಂದು ತುಳಸಿಕಟ್ಟೆಯ ಮೇಲಿಟ್ಟಿದ್ದಳು. "ತುಳಸಿಯ ಬುಡದಲ್ಲಿ ಕಪ್ಪುಕುಳಿಯೇ? ತೆಗೆಯಿರಿ ಅದನ್ನು!" ಎಂದು ಅಮ್ಮ ಚಾವಡಿಯಿಂದಲೇ ಗದರಿದರು. ಮಗಳು ಹೆದರಲಿಲ್ಲ. "ಅದಕ್ಕೆ ಕೃಷ್ಣರಂಧ್ರ ಎಂದೂ ಹೆಸರಿದೆ, ಅಜ್ಜಿ" ಎಂದಳು. ಅಮ್ಮ ಸ್ವಲ್ಪ ಹೊತ್ತು ಯೋಚಿಸಿದರು. "ಕೃಷ್ಣನ ಹೆಸರಾದರೆ ಇರಲಿ. ಕಾಲು ತಾಗಿಸಬೇಡಿ." ಮರುದಿನ ಬೆಳಿಗ್ಗೆ ನೋಡಿದರೆ ಕರಿಗೋಟಿನ ಮೇಲೆ ಒಂದು ದಾಸವಾಳ ಇತ್ತು.

ಅಪ್ಪನ ತಕರಾರು ಬೇರೆ. ನಕ್ಷತ್ರಗಳನ್ನು ಬಿಸಿಯ ಪ್ರಕಾರ ಓ, ಬಿ, ಎ, ಎಫ್, ಜಿ, ಕೆ, ಎಂ ಎಂದು ಏಳು ವರ್ಗ ಮಾಡುತ್ತಾರೆಂದು ಕೇಳಿ, "ಇದ್ಯಾವ ಕ್ರಮ? ಅಕ್ಷರಮಾಲೆಯೂ ಸರಿಯಿಲ್ಲ" ಎಂದರು. ಅಡಿಕೆಯ ಹಾಗೆ ಮೇಲಿನ ದರ್ಜೆಯ ಚಾಲಿ, ಆಮೇಲೆ ಪಟೋರ, ಉಳ್ಳಿ, ಕೋಕ, ಕರಿಗೋಟು ಎಂದು ವಿಂಗಡಿಸಿದರೆ ಯಾವ ವ್ಯಾಪಾರಿಗೂ ಅರ್ಥವಾಗುತ್ತದೆ ಎಂಬುದು ಅವರ ವಾದ. ನಕ್ಷತ್ರಗಳಲ್ಲಿ ಸುಮಾರು ನಾಲ್ಕಕ್ಕೆ ಮೂರು ಮಂಕಾದ ಕೆಂಪು ಕುಬ್ಜಗಳೇ ಎಂದು ಮೊಮ್ಮಗಳು ಹೇಳಿದಾಗ ಅಪ್ಪನಿಗೆ ಆಶ್ಚರ್ಯವಾಗಲಿಲ್ಲ. "ನಮ್ಮದರಲ್ಲಿಯೂ ಅಷ್ಟೇ. ಕೊಳೆರೋಗ ಬಂದ ವರ್ಷ ನಾಲ್ಕರಲ್ಲಿ ಒಂದು ಚಾಲಿಯಾದರೆ ಪುಣ್ಯ."

ಅಳತೆಯ ಲೆಕ್ಕ ಹಾಕಿದ್ದು ನಾನು, ಅದು ನನ್ನ ತಪ್ಪು. ಸೂರ್ಯನನ್ನು ನಾಲ್ಕು ಸೆಂಟಿಮೀಟರಿನ ಒಂದು ಅಡಿಕೆ ಎಂದುಕೊಂಡರೆ ಭೂಮಿ ನಾಲ್ಕು ಮೀಟರು ಆಚೆ, ಮೆಟ್ಟಿಲ ಹತ್ತಿರ, ರವೆಯ ಒಂದು ಸಣ್ಣ ಕಣ. ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ 4.24 ಜ್ಯೋತಿರ್ವರ್ಷ ದೂರದಲ್ಲಿದೆ. ಈ ಲೆಕ್ಕದಲ್ಲಿ ಅದು ಗಾತ್ರದಲ್ಲಿ ಒಂದು ಒಳ್ಳೆಮೆಣಸಿನ ಕಾಳು, ಇರುವುದು 1150 ಕಿಲೋಮೀಟರು ಆಚೆ. ಭೂಪಟ ಬಿಡಿಸಿ ನೋಡಿದರೆ ಹೆಚ್ಚುಕಡಿಮೆ ಇಂದೋರ್! ಅಂದರೆ ಅಂಗಳದಲ್ಲಿ ಒಂದಕ್ಕೊಂದು ಅಂಟಿಕೊಂಡು ಮಲಗಿದ ನಮ್ಮ ನಕ್ಷತ್ರಗಳೆಲ್ಲ ಶುದ್ಧ ಸುಳ್ಳು. ಮಕ್ಕಳು ಸಪ್ಪಗಾದರು. ಅಪ್ಪ ಮಾತ್ರ, "ಇಂದೋರಿಗೆ ಒಂದು ಮೆಣಸು ಕಳುಹಿಸಿದರೆ ಲಾರಿ ಬಾಡಿಗೆಯೂ ಹುಟ್ಟುವುದಿಲ್ಲ" ಎಂದು ಆ ನಕ್ಷತ್ರವನ್ನು ಕೈಬಿಟ್ಟರು.

ಪಕ್ಕದ ಮನೆಯ ಹುಡುಗ ಕೈಬಿಡಲಿಲ್ಲ. ಪ್ರಾಕ್ಸಿಮಾದ ಸುತ್ತ ಒಂದು ಗ್ರಹ ಇರುವುದು 2016ರಲ್ಲಿ ಗೊತ್ತಾಗಿದೆ. ಅದರ ಒಂದು ವರ್ಷ ಎಂದರೆ ನಮ್ಮ ಹನ್ನೊಂದು ದಿನ ಚಿಲ್ಲರೆ. ಅಂಥದೇ ಗ್ರಹ ತನ್ನ ತೋಳಿನಲ್ಲೂ ಬೇಕೆಂದು ಅವನು ಹಟ ಹಿಡಿದ. ಕಾರಣ ಆಮೇಲೆ ತಿಳಿಯಿತು. ಹನ್ನೊಂದು ದಿನಕ್ಕೊಂದು ವರ್ಷವಾದರೆ ಹನ್ನೊಂದು ದಿನಕ್ಕೊಂದು ಬಿಸು, ಅಂದರೆ ಹೊಸ ವರ್ಷದ ಹಬ್ಬ. ನಮ್ಮ ಒಂದು ವರ್ಷದಲ್ಲಿ ಮೂವತ್ತೆರಡು ಸಲ ಕಣಿ, ಮೂವತ್ತೆರಡು ಸಲ ಹಿರಿಯರಿಂದ ಕೈನೀಟದ ದುಡ್ಡು! "ಮೂವತ್ತೆರಡು ಸಲ ಪಾಯಸ ಯಾರು ಮಾಡುವುದು?" ಎಂದು ನನ್ನ ಹೆಂಡತಿ ಅಡುಗೆಮನೆಯಿಂದ ಕೇಳಿದಳು. ಆ ಗ್ರಹದಲ್ಲಿ ಹೆಂಗಸರು ಇಲ್ಲವೆಂದು ಹುಡುಗ ಸಮಾಧಾನ ಹೇಳಲು ಹೋಗಿ, ಹಲಸಿನ ಹಪ್ಪಳ ಹರಡುವ ಕೆಲಸಕ್ಕೆ ನೇಮಕಗೊಂಡ.

ನನಗೂ ಆ ಗ್ರಹದ ಮೇಲೆ ಮನಸ್ಸಾಯಿತು. 58ಕ್ಕೆ ನಿವೃತ್ತಿ ಎಂದಿಟ್ಟುಕೊಂಡರೆ ಅಲ್ಲಿ ಹುಟ್ಟಿದ ಒಂದು ವರ್ಷ ಒಂಬತ್ತು ತಿಂಗಳಿಗೇ ಪಿಂಚಣಿ. ಠೇವಣಿಯ ವಾರ್ಷಿಕ ಬಡ್ಡಿ ಹನ್ನೊಂದನೆಯ ದಿನ ಜಮೆ. ಆದರೆ ಸಾಲದ ಬಡ್ಡಿಯೂ ಹಾಗೆಯೇ ಓಡುತ್ತದೆ ಎಂಬುದು ರಾತ್ರಿ ಹನ್ನೆರಡಕ್ಕೆ ಹೊಳೆದು ನಿದ್ದೆ ಬಿಟ್ಟೆ.

ಇಷ್ಟು ಹತ್ತಿರ ಸುತ್ತುವ ಗ್ರಹಗಳು ಸಾಮಾನ್ಯವಾಗಿ ಒಂದೇ ಮುಖವನ್ನು ತಮ್ಮ ಸೂರ್ಯನಿಗೆ ತೋರಿಸುತ್ತಿರುತ್ತವೆ, ನಮ್ಮ ಚಂದ್ರ ನಮಗೆ ತೋರಿಸುವ ಹಾಗೆ. ಒಂದು ಬದಿ ಸದಾ ಹಗಲು, ಇನ್ನೊಂದು ಬದಿ ಸದಾ ರಾತ್ರಿ. ಇದನ್ನು ಕೇಳಿದ್ದೇ ಅಪ್ಪ ಎದ್ದು ಕುಳಿತರು. ಹಗಲಿನ ಬದಿಯಲ್ಲಿ ಅಂಗಳ, ರಾತ್ರಿಯ ಬದಿಯಲ್ಲಿ ಮಲಗುವ ಕೋಣೆ! ಅಡಿಕೆ ಒಣಗಲು ನಲವತ್ತು ದಿನವಾದರೆ ಅಲ್ಲಿನ ಲೆಕ್ಕದಲ್ಲಿ ಮೂರೂವರೆ ವರ್ಷ, ಅಡ್ಡಿಯಿಲ್ಲ, ಮೋಡದ ಕಾಟವಾದರೂ ತಪ್ಪೀತು. ನೀರಿಗೇನು ಮಾಡುತ್ತೀರಿ ಎಂದು ಅವರೇ ಕೇಳಿ ಅವರೇ ಉತ್ತರ ಹೇಳಿದರು. ಕತ್ತಲೆಯ ಬದಿಯಲ್ಲಿ ಮಂಜುಗಡ್ಡೆ ಇರುತ್ತದಲ್ಲ, ಹಗಲಿನ ಬದಿಯಿಂದ ಗುಡ್ಡಕ್ಕೆ ಅಡ್ಡಲಾಗಿ ಒಂದು ಸುರಂಗ ಕೊರೆದರಾಯಿತು, ನೀರು ತಾನಾಗಿ ಹರಿದು ಬರುತ್ತದೆ. ನಮ್ಮ ಮೇಲಿನ ತೋಟದ ಸುರಂಗವನ್ನು ಅವರ ಅಪ್ಪ ಮುರಕಲ್ಲಿನಲ್ಲಿ ಕೊರೆಸಿದ್ದೂ ಹೀಗೆಯೇ. ತೋಟಕ್ಕೆ ತಾಗಿದ ಸರಕಾರಿ ಜಾಗವನ್ನು ಬಳಸುವ ಕುಮ್ಕಿ ಹಕ್ಕು ಸುತ್ತ ನೂರು ಗಜ ಸಿಗುವುದಾದರೆ ಗ್ರಹವನ್ನು ತಾವೇ ವಹಿಸಿಕೊಳ್ಳುತ್ತೇವೆ ಎಂದೂ ಸೇರಿಸಿದರು.

ವಾಸಕ್ಕೆ ಯೋಗ್ಯ ಜಾಗ ಹಗಲು ರಾತ್ರಿಗಳ ನಡುವಿನ ಸಣ್ಣ ಪಟ್ಟಿಯೊಂದೇ ಎಂದು ಮಗಳು ತೀರ್ಮಾನ ಕೊಟ್ಟಳು. ಆಚೆ ಬೆಂದು ಹೋಗುತ್ತಾರೆ, ಈಚೆ ಹೆಪ್ಪುಗಟ್ಟುತ್ತಾರೆ, ಜನರೆಲ್ಲ ಗಡಿಯಲ್ಲೇ ಇರಬೇಕು. "ಹಾಗಾದರೆ ನಮಗೆ ಅಭ್ಯಾಸವಿದೆ" ಎಂದು ಅಪ್ಪ ಎಲೆಗೆ ಸುಣ್ಣ ಹಚ್ಚಿದರು.

ಗಡಿ ಬಂದ ಮೇಲೆ ಹೆಸರಿನ ಜಗಳ ಬಾರದೆ ಇರುತ್ತದೆಯೇ? ಮಗಳು ಗ್ರಹಕ್ಕೆ ಸಂಪಿಗೆ ಎಂದಳು, ಹುಡುಗ ಚೆಂಬಗಂ ಎಂದ. ಎರಡೂ ಒಂದೇ ಹೂವು ಎಂದು ಅಮ್ಮ ಹೇಳಿದ್ದು ಯಾರಿಗೂ ಬೇಕಿರಲಿಲ್ಲ. ಹೊಸದುರ್ಗಕ್ಕೆ ಹೋಗಬೇಕಾದವನು ಅದೇ ಊರಿನ ಮಲಯಾಳ ಹೆಸರಾದ ಕಾಞಂಗಾಡು ಎಂಬ ಬೋರ್ಡಿನ ಬಸ್ಸು ಹತ್ತಬೇಕಾದ ಊರಿನವರು ನಾವು, ನಮಗೆ ಇದು ಹೊಸತಲ್ಲ. 2019ರಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ ದೇಶಕ್ಕೊಂದರಂತೆ ನಕ್ಷತ್ರ ಮತ್ತು ಅದರ ಗ್ರಹಕ್ಕೆ ಹೆಸರಿಡುವ ಅವಕಾಶ ಕೊಟ್ಟಾಗ ಭಾರತ ನಕ್ಷತ್ರಕ್ಕೆ ವಿಜ್ಞಾನಿ ಬಿಭಾ ಚೌಧುರಿಯವರ ನೆನಪಿಗೆ ಬಿಭಾ ಎಂದೂ ಗ್ರಹಕ್ಕೆ ಸಂತಮಸ ಎಂದೂ ಹೆಸರಿಟ್ಟಿತು. ಅಷ್ಟು ದೊಡ್ಡ ದೇಶ ಎರಡು ಹೆಸರಿನಲ್ಲಿ ಮುಗಿಸಿದ್ದನ್ನು ನಮ್ಮ ಅಂಗಳಕ್ಕೆ ಮುಗಿಸಲಾಗಲಿಲ್ಲ. ಕೊನೆಗೆ ರಟ್ಟಿನ ಫಲಕದಲ್ಲಿ ಎರಡೂ ಲಿಪಿಯಲ್ಲಿ ಬರೆಯುವುದೆಂದಾಯಿತು. ಒಂದು ಲಕ್ಷ ಜ್ಯೋತಿರ್ವರ್ಷ ಅಗಲದ ಗ್ಯಾಲಕ್ಸಿಯಲ್ಲಿ ಎರಡು ಹೆಸರಿಗೆ ಜಾಗ ಸಾಲದೆ ಎರಡನೆಯದು ಪಕ್ಕದ ತೋಳಿಗೆ ಹರಿಯಿತು. ಅಲ್ಲಿಂದ ಇನ್ನೊಂದು ಜಗಳ.

ಅಳಿಯನಿಗೆ ಇವೆಲ್ಲ ಬೇಡ, ಅವನದು ಏನಿದ್ದರೂ ದೊಡ್ಡದಾಗಿರಬೇಕು. ಸೂರ್ಯನ ಇಪ್ಪತ್ತು ಪಟ್ಟು ತೂಕದ ನೀಲಿ ನಕ್ಷತ್ರ, ಅದರ ಸುತ್ತ ಅರಮನೆಗಳಿರುವ ಗ್ರಹ. ಅಂಥ ನಕ್ಷತ್ರ ಒಂದು ಕೋಟಿ ವರ್ಷದ ಆಸುಪಾಸಿನಲ್ಲೇ ಸಿಡಿದು ಹೋಗುತ್ತದೆ, ಭೂಮಿಗಾದರೆ ಈಗಲೇ 450 ಕೋಟಿ ವರ್ಷ, ನಿನ್ನ ರಾಜ ಹುಟ್ಟುವುದು ಯಾವಾಗ ಎಂದು ಮಗಳು ಕೇಳಿದಳು. "ಬಾಡಿಗೆಗೆ ಬರುತ್ತಾನೆ" ಎಂದ. ಗ್ರಹಕ್ಕೊಂದು ಚಂದ್ರ ಬೇಕು, ಆಕಾಶದ ತುಂಬ ಕಾಣುವಷ್ಟು ಹತ್ತಿರ ಎಂದೂ ಹಟ ಮಾಡಿದ. ಮಿತಿ ಮೀರಿ ಹತ್ತಿರ ಬಂದ ಚಂದ್ರನನ್ನು ಗ್ರಹದ ಸೆಳೆತವೇ ಸೀಳಿ ಬಳೆ ಮಾಡಿಬಿಡುತ್ತದೆ. ಲೆಕ್ಕ ಹಾಕಿದೆವು, ಚಂದ್ರ ಉಳಿಯಲಿಲ್ಲ. ಪಾಲುದಾರರಾದ ತನ್ನ ಅಪ್ಪನಿಗೆ ತಿಳಿಸಲು ಅವನು ಕೆಂಜಿಗ ಕಚ್ಚಿಸಿಕೊಂಡು ಹಲಸಿನ ಮರದಡಿಗೆ ಹೋಗಿ, ಅವಸರದಲ್ಲಿ ಕುಟುಂಬದ ವಾಟ್ಸಾಪ್ ಗುಂಪಿಗೇ ಸಂದೇಶ ಹಾಕಿ ಬಂದ.

"ಚಂದ್ರನನ್ನು ಉಳಿಸಲಾಗಲಿಲ್ಲ. ತುಂಬ ಹತ್ತಿರ ಹೋಗಿದ್ದ. ಚೂರುಚೂರಾದ. ಮಾವ ಲೆಕ್ಕ ಮುಗಿಸುತ್ತಿದ್ದಾರೆ."

ಪೆರ್ಲದಲ್ಲಿ ನಮಗೊಬ್ಬರು ಚಂದ್ರಭಾವ ಇದ್ದಾರೆ. ಪ್ರತಿ ವರ್ಷ ಕುಂಬಳೆ ಜಾತ್ರೆಯ ಬೆಡಿಯ ದಿನ ಎಲ್ಲರಿಗಿಂತ ಮುಂದೆ, ಸಿಡಿಮದ್ದಿನ ಹೊಗೆ ಮುಖಕ್ಕೆ ಬಡಿಯುವಲ್ಲಿ ನಿಲ್ಲುವ ಮನುಷ್ಯ. "ಇವನು ಒಂದು ದಿನ ಚೂರಾಗುತ್ತಾನೆ" ಎಂದು ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದ ಬಂಧುಗಳಿಗೆ ಸಂದೇಶದಲ್ಲಿ ಸಂಶಯ ಪಡುವಂಥದ್ದು ಏನೂ ಕಾಣಲಿಲ್ಲ. ಅವರ ಮನೆಗೆ ಫೋನು ಮಾಡಿ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ನಮಗೆ ಮಾಡಿದ ಕರೆಗಳೆಲ್ಲ ಹಲಸಿನ ಮರಕ್ಕೆ ಹೋದವು.

ಮೂರು ಗಂಟೆಗೆ ಜೀಪು ಬಂತು. ಹಿಂದೆ ಎರಡು ಆಟೋ. ಇಳಿದವರೆಲ್ಲ ಮುಖ ಸಣ್ಣದು ಮಾಡಿಕೊಂಡಿದ್ದರು. ದೊಡ್ಡಮ್ಮ ನನ್ನ ಕೈ ಹಿಡಿದು, "ಎಷ್ಟು ಹೊತ್ತಿಗೆ ಆದದ್ದು?" ಎಂದರು. ಕರೆಂಟಿನ ವಿಷಯ ಎಂದುಕೊಂಡು, "ಮಧ್ಯಾಹ್ನ ಊಟದ ಹೊತ್ತಿಗೆ ಹೋಯಿತು, ಇನ್ನೂ ಬಂದಿಲ್ಲ" ಎಂದೆ. ಅವರು ಬಾಯಿಗೆ ಸೆರಗು ಹಿಡಿದರು. ಆಗಲೇ ಬೈಕಿನ ಸದ್ದು ಕೇಳಿಸಿತು. ನಮ್ಮ ಮನೆಯಲ್ಲಿ ಯಾರೋ ತೀರಿಕೊಂಡರೆಂದು ಪೇಟೆಯಲ್ಲಿ ಕೇಳಿ ಚಂದ್ರಭಾವನೇ ಬಂದಿದ್ದರು. ಬೈಕು ನಿಲ್ಲಿಸಿ, ತಗ್ಗಿದ ದನಿಯಲ್ಲಿ, "ಯಾರು ಹೋದದ್ದು?" ಎಂದರು.

ಯಾರೂ ಉತ್ತರ ಕೊಡಲಿಲ್ಲ. ಕೊಡುವಷ್ಟರಲ್ಲಿ ಗುಡ್ಡದ ಆಚೆ ಗುಡುಗಿತು, ಅಪ್ಪ "ಅಡಿಕೆ!" ಎಂದು ಕೂಗಿದರು. ಈ ಊರಿನಲ್ಲಿ ಆ ಕೂಗಿಗೆ ಸೂತಕವೂ ಅಡ್ಡ ಬರುವುದಿಲ್ಲ. ಸಾವಿಗೆ ಬಂದವರೆಲ್ಲ ಪಂಚೆ ಎತ್ತಿ ಕಟ್ಟಿದರು. ಸಂಪಿಗೆ, ಚೆಂಬಗಂ, ತಲಪಾಡಿ, ನೀಲಿ ನಕ್ಷತ್ರ ಎಲ್ಲವೂ ಎರಡೇ ನಿಮಿಷದಲ್ಲಿ ಒಂದು ರಾಶಿಯಾಗಿ ಟರ್ಪಾಲಿನಡಿಗೆ ಸೇರಿದವು. ಎಲ್ಲರಿಗಿಂತ ಹೆಚ್ಚು ನಕ್ಷತ್ರ ಗುಡಿಸಿದವರು ಚಂದ್ರಭಾವ. ಮಳೆ ಬಿಡುವವರೆಗೆ ಚಾವಡಿಯಲ್ಲಿ ಕುಳಿತ ಹದಿನೇಳು ಜನರಿಗೆ ಹೆಂಡತಿ ಚಹಾ ಕೊಟ್ಟಳು, ನನ್ನತ್ತ ನೋಡಲಿಲ್ಲ. ತಾನು ಸತ್ತ ಸುದ್ದಿಯನ್ನು ಚಂದ್ರಭಾವ ನಾಲ್ಕು ಸಲ ಓದಿಸಿ ಕೇಳಿದರು. "ಚೂರುಚೂರು" ಎಂಬ ಮಾತು ಬಂದಾಗಲೆಲ್ಲ ತಲೆದೂಗಿದರು.

ಜೂನ್ ದಾಟಿದ ಮೇಲೆ ಅಡಿಕೆ ಸುಲಿಸಿದೆವು. ಸಿಪ್ಪೆ ಹೋದ ಮೇಲೆ ಯಾವುದು ಯಾರ ಸೂರ್ಯನೆಂದು ಹೇಳುವಂತಿರಲಿಲ್ಲ. ವ್ಯಾಪಾರಿ ಬಂದು ಕಚ್ಚಿ ನೋಡಿ, ಅಪ್ಪ ಹೇಳಿದ ವರ್ಗಗಳ ಪ್ರಕಾರವೇ ವಿಂಗಡಿಸಿ, ಗ್ಯಾಲಕ್ಸಿಯನ್ನು ಗೋಣಿಯಲ್ಲಿ ತುಂಬಿಸಿ ತೂಗಿದ. ಹೊರಡುವಾಗ ತುಳಸಿಕಟ್ಟೆಯ ಕಡೆ ಕೈ ತೋರಿಸಿ, "ಅದೊಂದು ಕರಿಗೋಟು ಬಾಕಿಯಾಯಿತಲ್ಲ, ಹಾಕುವುದೇ?" ಎಂದು ಕೇಳಿದ.

ಅದಕ್ಕೆ ಅಮ್ಮ ಆಗಷ್ಟೇ ಹೂವಿಟ್ಟು ಬಂದಿದ್ದರು. ಕೊಡಲಿಲ್ಲ.