ಡಿಯೋಡರೆಂಟ್, ಪ್ಯಾರಾಬೆನ್, ಸ್ತನ ಕ್ಯಾನ್ಸರ್: ಒಂದು ಸ್ಪಷ್ಟನೆ
‘ಡಿಯೋಡರೆಂಟ್‌ನಲ್ಲಿರುವ ಪ್ಯಾರಾಬೆನ್‌ನಿಂದ ಸ್ತನ ಕ್ಯಾನ್ಸರ್ ಬರುವುದು ಸಾಬೀತಾಗಿದೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿರುವ ಮಾತು ತಪ್ಪು. ಪ್ಯಾರಾಬೆನ್ ಎಂದರೆ ಇಂಥ ಉತ್ಪನ್ನಗಳು ಕೆಡದಂತೆ ಸೇರಿಸುವ ರಾಸಾಯನಿಕ. 2004ರಲ್ಲಿ ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದ ಫಿಲಿಪ್ಪಾ ಡಾರ್ಬ್ರೆ ತಂಡ 20 ಸ್ತನಗಡ್ಡೆಗಳ ಮಾದರಿಗಳನ್ನು ಪರೀಕ್ಷಿಸಿದಾಗ ಪ್ಯಾರಾಬೆನ್ ಸಿಕ್ಕಿದ್ದು ನಿಜ. ಆದರೆ ಆರೋಗ್ಯವಂತ ಅಂಗಾಂಶದ ಜೊತೆ ಹೋಲಿಸಿರಲಿಲ್ಲ, ಅದು ಎಲ್ಲಿಂದ ಬಂತೆಂಬುದೂ ತಿಳಿದಿರಲಿಲ್ಲ. ಗಡ್ಡೆಗೆ ಅದೇ ಕಾರಣವೆಂದು ಸಂಶೋಧಕರೇ ಹೇಳಿಲ್ಲ.

ಹಾಗಂತ ಆತಂಕ ಪೂರ್ತಿ ಸುಳ್ಳಲ್ಲ. ಪ್ಯಾರಾಬೆನ್‌ಗಳು, ಹಲವು ಸ್ತನ ಕ್ಯಾನ್ಸರ್‌ಗಳ ಬೆಳವಣಿಗೆಗೆ ಇಂಬು ಕೊಡುವ ಈಸ್ಟ್ರೊಜೆನ್ ಹಾರ್ಮೋನಿನಂತೆ, ತೀರಾ ದುರ್ಬಲವಾಗಿ, ವರ್ತಿಸುತ್ತವೆ. ಸುರಕ್ಷತೆಯ ಮಾಹಿತಿ ಸಾಲದೆಂದು ಯುರೋಪಿಯನ್ ಒಕ್ಕೂಟ 2014ರಲ್ಲಿ ಐದು ಬಗೆಯವನ್ನು ನಿಷೇಧಿಸಿತು. ಬಾಟಲಿಯ ಹಿಂದೆ ಇರುವೆಸಾಲಿನಂಥ ಅಕ್ಷರಗಳಲ್ಲಿ ‘ಪ್ರೊಪೈಲ್‌ಪ್ಯಾರಾಬೆನ್’ ಕಂಡು ಬೇಡವೆನಿಸಿದರೆ ಬೇರೆಯದನ್ನು ಕೊಳ್ಳಿ. ಆದರೆ ಎದೆಯಲ್ಲಿ ಗಂಟು ಕೈಗೆ ಸಿಕ್ಕರೆ, ‘ನಾನು ಡಿಯೋ ಹಾಕೋದೇ ಇಲ್ಲ’ ಅಂತ ದಯವಿಟ್ಟು ಸುಮ್ಮನಿರಬೇಡಿ. ತಡಮಾಡದೆ ವೈದ್ಯರಿಗೆ ತೋರಿಸಿ.